ಯಾರ ಹತ್ತಿರವೂ ಹೇಳಬೇಡ ಎಂದರು ಅತ್ತೆ

ಜಿರಳೆಯ ಕಾಟವನ್ನು ಪಕ್ಕದ ಮನೆಯವರಿಗೆ ಸಲೀಸಾಗಿ ಹೇಳಿಕೊಳ್ಳುತ್ತೇವೆ, ಇಲಿ ಬೋನನ್ನು ಎರವಲು ತರುತ್ತೇವೆ. ತಿಗಣೆ ಎಂದರೆ ಮಾತ್ರ ದನಿ ತಗ್ಗುತ್ತದೆ. ಬೆಂಗಳೂರಿನ ಪಿಜಿಯಲ್ಲಿದ್ದ ಮಗ ಕೆಲಸ ಬದಲಿಸುವ ನಡುವೆ ಗಂಟುಮೂಟೆ ಸಮೇತ ಮೈಸೂರಿನ ನಮ್ಮ ಮನೆಗೆ ಬಂದ. ಕೆಲವು ವಾರಗಳಲ್ಲಿ ನನ್ನ ತೋಳಿನ ಮೇಲೆ ಸಾಲುಸಾಲಾಗಿ ಕೆಂಪು ದದ್ದು ಎದ್ದವು. "ಯಾರ ಹತ್ರಾನೂ ಬಾಯಿ ಬಿಡಬೇಡ ಕಣಮ್ಮ, ಮನೆ ಗಲೀಜು ಅಂದ್ಕೋತಾರೆ" ಎಂದರು ಅತ್ತೆ. ಯಜಮಾನರ ಮೈಮೇಲೆ ಒಂದು ಗುಳ್ಳೆಯೂ ಇರಲಿಲ್ಲ. ಹಾಗಾಗಿ ಅವರ ಪ್ರಕಾರ ಮನೆಯಲ್ಲಿ ತಿಗಣೆಯೇ ಇರಲಿಲ್ಲ! ಕಚ್ಚಿದರೂ ಗುರುತೇ ಏಳದ ಮೈಯವರು ಬೇಕಾದಷ್ಟಿದ್ದಾರೆ. ಮೈ ನೋಡಿ ತೀರ್ಮಾನ ಮಾಡಿದರೆ ಮನೆಯಲ್ಲಿ ಜಗಳವಷ್ಟೇ ಮಿಗುತ್ತದೆ. ನೋಡಬೇಕಾದದ್ದು ಹಾಸಿಗೆಯನ್ನು.

ಅಂಚಿನ ಹೊಲಿಗೆಯ ಉದ್ದಕ್ಕೂ ಪೆನ್ನಿನ ಮೊನೆ ಊರಿದಂಥ ಕಪ್ಪು ಚುಕ್ಕಿಗಳು. ಅವು ಜೀರ್ಣವಾದ ರಕ್ತ, ಒದ್ದೆ ಬಟ್ಟೆ ತಾಗಿಸಿದರೆ ಹರಡುತ್ತವೆ. ಜೊತೆಗೆ ಕಳಚಿಬಿದ್ದ ಕಂದು ಪೊರೆ. ಆದರೆ ಅಸಲು ಸಂಸಾರ ಇದ್ದದ್ದು ಮಂಚದಲ್ಲಿ: ಮರದ ಕೀಲುಗಳ ಸಂದಿ, ಸ್ಕ್ರೂ ತೂತು, ತಲೆದಿಕ್ಕಿನ ಹಲಗೆಯ ಹಿಂಬದಿ. ಒಂದಿಷ್ಟು ಗೋಡೆಯ ಕ್ಯಾಲೆಂಡರಿನ ಹಿಂದೆಯೂ ಇದ್ದವು. ಟಾರ್ಚು ಹಿಡಿದು ಹಳೆಯ ಎಟಿಎಂ ಕಾರ್ಡಿನಿಂದ ಪ್ರತಿ ಸಂದಿಯನ್ನೂ ಕೆರೆದೆ. ಕಾರ್ಡಿನ ಅಂಚು ತೂರುವಲ್ಲಿ ಹಸಿದ ತಿಗಣೆಯೂ ತೂರುತ್ತದೆ.

ಪಂಚತಂತ್ರದ ತಿಗಣೆ ರಾಜನನ್ನು ಕಚ್ಚಿ ಮಂಚದ ಸಂದಿಗೆ ಓಡಿಹೋಗುತ್ತದೆ, ಹಾಸಿನ ಮಡಿಕೆಯಲ್ಲಿದ್ದ ಬಡಪಾಯಿ ಹೇನು ಸಿಕ್ಕಿಬಿದ್ದು ಸಾಯುತ್ತದೆ. ಆ ಕಥೆ ಕಟ್ಟಿದವರು ತಿಗಣೆ ಕಾಟ ಅನುಭವಿಸಿದವರೇ ಇರಬೇಕು. ಹಾಸನ್ನು ಎಷ್ಟು ಒಗೆದರೂ ಮಂಚ ಬಿಚ್ಚದೆ ಕೆಲಸವಾಗುವುದಿಲ್ಲ.

ಅತ್ತೆಗೆ ಡಿಡಿಟಿಯ ಮೇಲೆ ಇನ್ನೂ ಪ್ರೀತಿ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಹಳ್ಳಿಮನೆಗಳ ಗೋಡೆಗೆ ಅದನ್ನು ಹೊಡೆಯತೊಡಗಿದಾಗ ಜನ ಖುಷಿಪಟ್ಟದ್ದಕ್ಕೆ ತಿಗಣೆ ಸತ್ತದ್ದೂ ಒಂದು ಕಾರಣ. ಬರಬರುತ್ತಾ ತಿಗಣೆಗಳು ಅದನ್ನು ಅರಗಿಸಿಕೊಂಡವು, ಜನರಿಗೂ ಸಿಂಪಡಣೆ ಬೇಡವಾಯಿತು. ಇವತ್ತು ಅಂಗಡಿಯಲ್ಲಿ ಸಿಗುವ ಸ್ಪ್ರೇಗಳದೂ ಹೆಚ್ಚುಕಡಿಮೆ ಅದೇ ಪಾಡು.

ಬಿಸಿಗೆ ಮಾತ್ರ ಅವು ಒಗ್ಗಿಕೊಂಡಿಲ್ಲ. 50 ಡಿಗ್ರಿ ದಾಟಿದ ಶಾಖದಲ್ಲಿ ಮೊಟ್ಟೆಯೂ ಉಳಿಯದು. ಹೊದಿಕೆ, ದಿಂಬಿನ ಚೀಲ, ಬಟ್ಟೆಬರೆ ಎಲ್ಲವೂ ಬಚ್ಚಲ ಹಂಡೆಯ ಕುದಿನೀರಿಗೆ ಬಿದ್ದವು. ಮಂಚದ ಕೀಲುಗಳಿಗೆ ಕೆಟಲಿನಿಂದ ನೀರು ಸುರಿದೆವು. ದಪ್ಪ ಹಾಸಿಗೆಯನ್ನು ತಾರಸಿಯ ಬಿಸಿಲಿಗೆ ಹಾಕುವುದು ಅರ್ಧ ಕೆಲಸ. ಮೇಲ್ಮೈ ಕಾದೊಡನೆ ತಿಗಣೆ ತಣ್ಣಗಿರುವ ಅಡಿಭಾಗಕ್ಕೆ ಇಳಿಯುತ್ತದೆ.

ಮೊದಲು ಬಂದ ಔಷಧಿಯವನು ಒಂದೇ ಸಲ ಹೊಡೆದರೆ ವರ್ಷ ಗ್ಯಾರಂಟಿ ಎಂದ. ಅವನನ್ನು ಕಳಿಸಿಬಿಟ್ಟೆ. ಸಂದಿಗೆ ಅಂಟಿಕೊಂಡ ಒಂದು ಮಿಲಿಮೀಟರಿನ ಬಿಳಿ ಮೊಟ್ಟೆಗಳು ಬಹುಪಾಲು ಔಷಧಿಗೆ ಜಗ್ಗುವುದಿಲ್ಲ; ಒಂದು ವಾರ, ಹತ್ತು ದಿನದಲ್ಲಿ ಒಡೆಯುತ್ತವೆ. ಮರಿ ಐದು ಸಲ ಪೊರೆ ಕಳಚಿ ದೊಡ್ಡದಾಗಬೇಕು, ಪ್ರತಿ ಸಲವೂ ಅದಕ್ಕೆ ರಕ್ತ ಬೇಕು. ಮರಿಗಳು ಹೊರಬಂದು ಇನ್ನೂ ಬಲಿಯದಿರುವಾಗ, ಅಂದರೆ ಎರಡು ವಾರದ ಆಸುಪಾಸಿನಲ್ಲಿ, ಎರಡನೇ ಸಲ ಹೊಡೆಯಲೇಬೇಕು. ಇದನ್ನು ತಾನಾಗಿಯೇ ಹೇಳಿದವನಿಗೆ ಕೆಲಸ ಕೊಟ್ಟೆವು.

ಕಾಳು ಕೆಡದಂತೆ ಗೋದಾಮಿನಲ್ಲಿಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮಂಚದಡಿ ಇಡಿ ಎಂದವರೂ ಇದ್ದರು. ಗಾಳಿಯ ತೇವಕ್ಕೆ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ, ಪಕ್ಕದ ಕೋಣೆಯಲ್ಲಿ ಮಲಗಿದವರನ್ನೂ ಕೊಲ್ಲುತ್ತದೆ. ತಿಗಣೆ ಬರೀ ನಿದ್ದೆ ಕೆಡಿಸುತ್ತದೆ. ಸೊಳ್ಳೆಯಂತೆ ರೋಗ ಹಂಚುವುದು ಕಂಡುಬಂದಿಲ್ಲ. ಅದಕ್ಕಾಗಿ ಜೀವ ಪಣಕ್ಕಿಡುವುದು ಯಾವ ನ್ಯಾಯ?

ಕಡೆಗೆ ಅತ್ತೆಯ ಮಾತು ಮೀರಿ ಮಹಡಿ ಮನೆಯವರಿಗೆ ಹೇಳಿದೆ. ಔಷಧಿಗೆ ಬೆದರಿದ ತಿಗಣೆ ವೈರಿನ ಕೊಳವೆ ಹಿಡಿದು ಅವರಲ್ಲಿಗೆ ಹೋದರೆ, ನಾಳೆ ಅದೇ ದಾರಿಯಲ್ಲಿ ವಾಪಸು ಬಂದೀತು. ಆಕೆ ಒಂದು ಗಳಿಗೆ ಸುಮ್ಮನಿದ್ದು, "ಅಕ್ಕಾ, ನಮ್ಮಲ್ಲಿ ದೀಪಾವಳಿಯಿಂದಲೇ ಇದೆ. ನಾಚಿಕೆಗೆ ಹೇಳಿರಲಿಲ್ಲ" ಎಂದಳು. ಎರಡೂ ಮನೆಗೆ ಒಂದೇ ದಿನ ಔಷಧಿ ಹೊಡೆಸಿದೆವು. ಹೊಡೆಸಿದ ಮೇಲೂ ನಡುಮನೆಗೆ ಚಾಪೆ ಸಾಗಿಸದೆ ಅದೇ ಕೋಣೆಯಲ್ಲೇ ಮಲಗಿದೆವು. ನಾವು ಎಲ್ಲಿ ಉಸಿರಾಡುತ್ತೇವೋ ಅಲ್ಲಿಗೆ ಅವು ಹುಡುಕಿಕೊಂಡು ಬರುತ್ತವೆ. ಮಂಚವನ್ನು ಗೋಡೆಯಿಂದ ಸರಿಸಿ, ಬಿಳಿ ಹಾಸು ಹಾಸಿ, ನೆಲಕ್ಕೆ ಏನೂ ಇಳಿಬೀಳದಂತೆ ಸಿಕ್ಕಿಸಿದ್ದೇನೆ. ಬಲಿತ ತಿಗಣೆ ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲದು, ವಾರವಿಡೀ ಕಚ್ಚಲಿಲ್ಲವೆಂದು ಹಿಗ್ಗುವಂತಿಲ್ಲ. ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಆಕೆಯದು ಒಂದೇ ಪ್ರಶ್ನೆ: "ಏನಾದ್ರೂ ಕಾಣಿಸ್ತಾ ಅಕ್ಕಾ?"