ಆಕಾಶಕ್ಕೂ ಎಲ್ಲೆಕಟ್ಟು

ಅಮ್ಮಸಂದ್ರದ ರೈಲುನಿಲ್ದಾಣವನ್ನು ಕಂಡವರೆಲ್ಲರಿಗೂ ಒಂದು ಸಂಗತಿ ಗೊತ್ತು. ಅರಸೀಕೆರೆಯ ಕಡೆಯಿಂದಾಗಲಿ ಬೆಂಗಳೂರಿನ ಕಡೆಯಿಂದಾಗಲಿ ಬರುವ ಗಾಡಿ, ಸಿಗ್ನಲ್ ದೊರೆಯದೆ ನಿಲ್ದಾಣದ ಎಲ್ಲೆಯನ್ನು ಪ್ರವೇಶಿಸುವಂತಿಲ್ಲ. ಅದೇ ಊರಿನ ತೆಂಗಿನ ತೋಟಗಳ ಮೇಲೆ, ಬಲು ಎತ್ತರದಲ್ಲಿ ಸಾಗುವ ವಿಮಾನಕ್ಕೆ ಕಂಬಿಯೂ ಇಲ್ಲ, ಕೈಮರವೂ ಇಲ್ಲ. ಹಾಗಾದರೆ ಅದು ಇನ್ನೊಂದಕ್ಕೆ ಡಿಕ್ಕಿ ಹೊಡೆಯದಂತೆ ನೋಡಿಕೊಳ್ಳುವ ಹೊಣೆ ಯಾರದು? ಇದಕ್ಕೆ ಉತ್ತರ ಕಾನೂನಿನ ಕೆಲವು ವ್ಯಾಖ್ಯೆಗಳಲ್ಲಿದೆ. ಅವನ್ನು ಒಂದೊಂದಾಗಿ ಪರಿಶೀಲಿಸೋಣ.

1944ರ ಡಿಸೆಂಬರ್ 7ರಂದು ಷಿಕಾಗೋ ನಗರದಲ್ಲಿ ಹಲವು ರಾಷ್ಟ್ರಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದುವು. ತನ್ನ ನೆಲದ ಮೇಲಿನ ಆಕಾಶದಲ್ಲಿ ಆಯಾ ರಾಷ್ಟ್ರಕ್ಕೇ ಪೂರ್ಣ ಪ್ರಭುತ್ವವೆಂಬುದು ಅದರ ಮೊದಲ ವಿಧಿ. ಒಪ್ಪಂದದ ಹನ್ನೊಂದನೆಯ ಅನುಬಂಧವು ವಿಮಾನ ಸಂಚಾರ ಸೇವೆಗಳನ್ನು ಕುರಿತದ್ದು. ನಿಶ್ಚಿತವಾದ ಅಳತೆಗಳುಳ್ಳ, ಸಂಚಾರ ನಿಯಂತ್ರಣ ಸೇವೆ ದೊರೆಯುವ ವಾಯುಪ್ರದೇಶವನ್ನು ಅದು 'ನಿಯಂತ್ರಿತ ವಾಯುಪ್ರದೇಶ'ವೆಂದು ಕರೆಯುತ್ತದೆ.

ಇದರಲ್ಲಿ ಎರಡು ಬಗೆಗಳನ್ನು ನಾವು ಮುಖ್ಯವಾಗಿ ಗಮನಿಸಬೇಕು. ನೆಲದಿಂದಲೇ ಮೊದಲಾಗಿ ಗೊತ್ತಾದ ಎತ್ತರದವರೆಗೆ ಏರುವುದು 'ನಿಯಂತ್ರಣ ವಲಯ'. ವಿಮಾನಗಳು ಇಳಿಯಲು ಬರುವ ದಿಕ್ಕುಗಳಲ್ಲಿ ಇದು ವಿಮಾನನಿಲ್ದಾಣದ ಮಧ್ಯದಿಂದ ಕನಿಷ್ಠಪಕ್ಷ 9.3 ಕಿಲೋಮೀಟರು ಹರಡಿರಬೇಕು. ನೆಲವನ್ನು ಮುಟ್ಟದೆ, ಕನಿಷ್ಠ 200 ಮೀಟರು ಮೇಲಿನಿಂದ ಆರಂಭವಾಗುವುದು 'ನಿಯಂತ್ರಣ ಪ್ರದೇಶ'. ಮೊದಲನೆಯದು ನೆಲದಿಂದಲೇ ಎದ್ದ ಕಣಜದಂತೆ. ಎರಡನೆಯದು ಮೇಲೆ ಕಟ್ಟಿದ ಅಟ್ಟದಂತೆ.

ನಿಯಂತ್ರಣ ಸೇವೆ ಮೂರು ವಿಧ. ರನ್‌ವೇಯಲ್ಲೂ ಅದರ ಸಮೀಪದಲ್ಲೂ ಇರುವ ವಿಮಾನಗಳನ್ನು ಗೋಪುರದವರು ನಡೆಸುತ್ತಾರೆ. ಇಳಿಯಲು ಬರುತ್ತಿರುವ, ಈಗತಾನೆ ಹೊರಟಿರುವ ವಿಮಾನಗಳು ಎರಡನೆಯವರ ಪಾಲು. ದೂರದ ದಾರಿಯಲ್ಲಿರುವವು ಮೂರನೆಯವರ ಪಾಲು. ನಿಯಂತ್ರಣವಿಲ್ಲದ ಆಕಾಶದಲ್ಲಿಯೂ ಹವಾಮಾನವೇ ಮೊದಲಾದ ಮಾಹಿತಿ, ಅಪಾಯ ಒದಗಿದರೆ ರಕ್ಷಣಾ ಪಡೆಗಳಿಗೆ ಎಚ್ಚರಿಕೆ, ಇವೆರಡು ದೊರೆಯುತ್ತವೆ. ಆದರೆ ವಿಮಾನಗಳ ನಡುವೆ ಅಂತರ ಕಾಯುವ ಹೊಣೆ ಅಲ್ಲಿ ನೆಲದವರದಲ್ಲ.

ಈ ಭೇದ ಬರಿಯ ಮಾತಿನದಲ್ಲ. 1956ರ ಜೂನ್ 30ರಂದು ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ಮೇಲೆ, ಸುಮಾರು 21,000 ಅಡಿ ಎತ್ತರದಲ್ಲಿ ಎರಡು ಪ್ರಯಾಣಿಕ ವಿಮಾನಗಳು ಡಿಕ್ಕಿ ಹೊಡೆದು 128 ಮಂದಿ ಮಡಿದರು. ಅದು ನಿಯಂತ್ರಣವಿಲ್ಲದ ಆಕಾಶ. ಕಂಡು ತಪ್ಪಿಸಿಕೊಳ್ಳುವುದು ಚಾಲಕರ ಪಾಲಿಗೇ ಬಿಟ್ಟ ಕೆಲಸವಾಗಿತ್ತು. ಇದಕ್ಕೆ ಪ್ರತಿಯಾಗಿ ನಮ್ಮ ನಾಡಿನ ಒಂದು ಘಟನೆಯನ್ನು ನೋಡೋಣ. 2022ರ ಜನವರಿ 7ರಂದು ಬೆಂಗಳೂರಿನ ಕೆಂಪೇಗೌಡ ವಿಮಾನನಿಲ್ದಾಣದ ಎರಡು ಸಮಾನಾಂತರ ರನ್‌ವೇಗಳಿಂದ ಎರಡು ವಿಮಾನಗಳು ಹೆಚ್ಚುಕಡಿಮೆ ಒಮ್ಮೆಗೇ ಮೇಲೇರಿ ಹತ್ತಿರ ಹತ್ತಿರ ಸರಿದುವು. ರಾಡಾರ್ ಪರದೆಯಲ್ಲಿ ಅದನ್ನು ಕಂಡ ನಿಯಂತ್ರಕರು ಅವನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. ನಿಯಂತ್ರಿತ ಆಕಾಶದಲ್ಲೂ ತಪ್ಪು ನಡೆಯಬಹುದು; ಆದರೆ ಅಲ್ಲಿ ನೋಡುತ್ತಿರುವ ಕಣ್ಣೊಂದಿರುತ್ತದೆ.

ವಿಮಾನನಿಲ್ದಾಣದಿಂದ ದೂರವಿರುವ ನಮಗೆ ಇದೇಕೆ ಎನ್ನುವಂತಿಲ್ಲ. 2021ರ ಡ್ರೋನ್ ನಿಯಮಗಳಂತೆ, ನಕ್ಷೆಯ ಹಸಿರು ವಲಯದಲ್ಲಿ ಡ್ರೋನ್ ಹಾರಿಸಲು ಇರುವ ಮಿತಿ 120 ಮೀಟರು. ಅದರಾಚೆಗಿನದು ಹಳದಿ ವಲಯ. ಅಲ್ಲಿ ಸಂಚಾರ ನಿಯಂತ್ರಕರ ಅನುಮತಿ ಬೇಕು. ಇಪ್ಪತ್ತನಾಲ್ಕು ಮೀಟರಿನ ಐದು ತೆಂಗಿನಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಆ ಎಲ್ಲೆ ಸಿಕ್ಕುತ್ತದೆ.