ಪ್ರತಿಭಟನೆ ಮತ್ತು ಸೌಜನ್ಯ

ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿಗೆ ಹೆಸರಿನಲ್ಲಿಯೇ ಬೆಲ್ಲವಿದೆ. ಘಟಪ್ರಭೆ, ಹಿರಣ್ಯಕೇಶಿಗಳ ನೀರುಂಡು ಬೆಳೆಯುವ ಕಬ್ಬು ಈ ಸೀಮೆಯ ಜೀವನಾಧಾರ. ಆದರೆ ಕಬ್ಬು ಜೋಳದಂತೆ ಕೂಡಿಡುವ ಬೆಳೆಯಲ್ಲ. ಕಡಿದ ಮೇಲೆ ದಿನ ಕಳೆದಂತೆ ಅದರ ತೂಕವೂ ಸಕ್ಕರೆಯ ಅಂಶವೂ ಇಳಿಯುತ್ತವೆ. ಆದುದರಿಂದ ಬೆಲೆಯ ಮಾತು ಕಟಾವಿಗೆ ಮೊದಲೇ ತೀರ್ಮಾನವಾಗಬೇಕೆಂಬುದು ರೈತನ ಹಂಬಲ.

2025-26ರ ಹಂಗಾಮಿಗೆ ಕೇಂದ್ರ ಸರ್ಕಾರವು ಟನ್ನಿಗೆ 3,550 ರೂಪಾಯಿಗಳನ್ನು ಗೊತ್ತುಪಡಿಸಿತ್ತು. ಅದು ಶೇಕಡ 10.25 ಸಕ್ಕರೆ ಇಳುವರಿಯ ಲೆಕ್ಕ. ಕಟಾವು, ಸಾಗಾಣಿಕೆಗಳ ವೆಚ್ಚವನ್ನು ಕಳೆದರೆ ರೈತನ ಕೈಸೇರುವುದು ಬಹಳ ಕಡಮೆ. ಈ ವೆಚ್ಚಗಳನ್ನು ಬಿಟ್ಟು 3,500 ರೂಪಾಯಿ ದೊರೆಯಬೇಕೆಂದು ರೈತರು ಅಕ್ಟೋಬರ್ ಕೊನೆಯಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಧರಣಿ ಕುಳಿತರು. ಹಗಲು ರಾತ್ರಿಯೆನ್ನದೆ ಅವರು ಕುಳಿತಿದ್ದಲ್ಲಿಗೆ ರಾಜಧಾನಿಯಿಂದ ಸಚಿವರೇ ಬಂದು ಮಾತನಾಡಬೇಕಾಯಿತು.

ಆದರೆ ರಸ್ತೆ ತಡೆದಾಗ ಬಳಲುವವನು ಬೆಲೆ ಕಟ್ಟುವವನಲ್ಲ, ದಾರಿಹೋಕ. ಆಸ್ಪತ್ರೆಗೆ ಹೊರಟವನೂ ಅವರಲ್ಲಿ ಇರಬಹುದಷ್ಟೆ. ಈ ತೊಡಕು ನಮ್ಮದು ಮಾತ್ರವಲ್ಲ. 2011ರ ಫುಕುಶಿಮಾ ಅಣುಸ್ಥಾವರ ದುರಂತದ ತರುವಾಯ, 2012ರಲ್ಲಿ ಟೋಕಿಯೋ ನಗರದ ಪ್ರಧಾನಿ ನಿವಾಸದೆದುರು ಪ್ರತಿ ಶುಕ್ರವಾರ ಸಂಜೆ ಸಹಸ್ರಾರು ಜನರು ಸೇರತೊಡಗಿದರು. ಕಾಲುದಾರಿಯಲ್ಲಿ ನಿಂತು ಘೋಷಣೆ ಕೂಗಿ, ಎಂಟು ಗಂಟೆಗೆ ನಿಲ್ಲಿಸಿ ಮನೆಗೆ ತೆರಳುವುದು ಅವರು ಹಾಕಿಕೊಂಡ ಕಟ್ಟಳೆ. ಜಪಾನೀಯರು ಹುಟ್ಟುಸಾಧುಗಳೆಂದು ತಿಳಿಯಬೇಕಾಗಿಲ್ಲ. 1960ರಲ್ಲಿ ಅಮೆರಿಕದೊಡನೆ ಆದ ಭದ್ರತಾ ಒಪ್ಪಂದದ ವಿರುದ್ಧ ನಡೆದ ಹೋರಾಟದ ಗಲಭೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ಪ್ರಾಣವನ್ನೇ ಕಳೆದುಕೊಂಡಿದ್ದಳು. ಇನ್ನು, ಸೌಜನ್ಯದಿಂದ ಎಲ್ಲವೂ ಕೈಗೂಡಿತೆಂದೂ ಹೇಳಲಾಗದು. 2012ರ ಜುಲೈ ತಿಂಗಳಿನಲ್ಲಿ ಓಯಿ ಅಣುಸ್ಥಾವರವು ಮತ್ತೆ ಕೆಲಸ ಆರಂಭಿಸಿತು. ಆದರೂ ಆಗಸ್ಟ್ 22ರಂದು ಪ್ರಧಾನಿ ನೋಡಾ ಅವರು ಪ್ರತಿಭಟನಕಾರರ ಪ್ರತಿನಿಧಿಗಳನ್ನು ಬರಮಾಡಿಕೊಂಡು ಅವರ ಮಾತನ್ನು ಆಲಿಸಿದರು.

ಗುರ್ಲಾಪುರದ ಧರಣಿಗೂ ಅಂಥ ಬಲವೇ ಇದ್ದಿತು. ಆ ಬಲಕ್ಕೆ ಕುಂದು ತಂದದ್ದು 2025ರ ನವೆಂಬರ್ 7. ಅಂದು ಹುಕ್ಕೇರಿ ತಾಲ್ಲೂಕಿನ ಹತ್ತರಗಿ ಟೋಲ್ ನಾಕಾದ ಬಳಿ ಕಲ್ಲುಗಳು ತೂರಿಬಂದವು. ಪೊಲೀಸರು ಗಾಯಗೊಂಡರು, ವಾಹನಗಳು ಜಖಂಗೊಂಡವು. ಹೆದ್ದಾರಿಯಲ್ಲಿ ಹೊರಟಿದ್ದ ಆ ಪ್ರಯಾಣಿಕರಿಗೂ ಕಬ್ಬಿನ ತಕ್ಕಡಿಗೂ ಏನು ಸಂಬಂಧ? ಕಲ್ಲೆಸೆದ ಕೈ ಯಾರದೇ ಆಗಿರಲಿ, ಅಪವಾದ ಹೊರಬೇಕಾದವರು ಶಾಂತವಾಗಿ ಕುಳಿತಿದ್ದ ರೈತರು.

ಅದೇ ದಿನ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳು ಕಾರ್ಖಾನೆಗಳ ಮಾಲೀಕರೊಡನೆ ಸಭೆ ನಡೆಸಿ, ಟನ್ನಿಗೆ 3,300 ರೂಪಾಯಿಗಳನ್ನು ಘೋಷಿಸಿದರು. ಕೇಳಿದ್ದಕ್ಕಿಂತ 200 ರೂಪಾಯಿ ಕಡಮೆ. ಗುರ್ಲಾಪುರದ ರೈತರು ಧರಣಿಯನ್ನು ಹಿಂತೆಗೆದುಕೊಂಡು, ಕಟಾವಿಗೆ ಕಾದಿದ್ದ ಹೊಲಗಳ ಕಡೆಗೆ ಹೊರಟರು.