ಗ್ರಾಂಟ್ ರೋಡ್ ಪರಿಸರದ ಹಳೆಯ ಮನೆಗಳು: ಪಾರಂಪರಿಕ ಮೌಲ್ಯದ ಪ್ರಶ್ನೆ

ಕನ್ನಡದಲ್ಲಿ ‘ಮನೆ’ ಎಂಬ ಪದವು ಕೇವಲ ಕಟ್ಟಡವನ್ನು ಸೂಚಿಸುವುದಿಲ್ಲ. ಮನೆತನ, ಮನೆವಾರ್ತೆ, ಮನೆಮಾತು ಎಂಬ ರೂಪಗಳಲ್ಲಿ ಅದು ವಂಶ, ಸಂಸಾರ ನಿರ್ವಹಣೆ, ನುಡಿ ಈ ಮೂರನ್ನೂ ಒಳಗೊಂಡಿದೆ. ತುಳುನಾಡಿನ ಗುತ್ತಿನ ಮನೆಯ ಹಿರಿಮೆ ಅದರ ಮರದ ಕೆತ್ತನೆಯಿಂದ ಮಾತ್ರ ಬಂದುದಲ್ಲ. ಕುಟುಂಬ, ಭೂಮಿ ಮತ್ತು ದೈವಾರಾಧನೆಗಳ ಸಂಬಂಧದಿಂದ ಬಂದುದು. ಆದರೆ ಬಾಡಿಗೆದಾರರು ಬಂದು ಹೋಗುವ ಮಹಾನಗರದ ಹಳೆಯ ಇಟ್ಟಿಗೆಯ ಮನೆಗೆ ಪಾರಂಪರಿಕ ಮೌಲ್ಯ ಯಾವುದರಿಂದ ಒದಗುತ್ತದೆ? ಮುಂಬಯಿಯ ಗ್ರಾಂಟ್ ರೋಡ್ ಪರಿಸರವು ಈ ಪ್ರಶ್ನೆಯ ಅಧ್ಯಯನಕ್ಕೆ ತಕ್ಕ ಕ್ಷೇತ್ರವಾಗಿದೆ.

ಇಂದು ನಗರದ ನಡುವಿರುವ ಈ ಭಾಗ ಒಂದು ಕಾಲಕ್ಕೆ ಕೋಟೆಯ ಹೊರಗಿನ ಉಪನಗರವಾಗಿತ್ತು. 1835ರಿಂದ 1838ರವರೆಗೆ ಮುಂಬಯಿಯ ಗವರ್ನರನಾಗಿದ್ದ ರಾಬರ್ಟ್ ಗ್ರಾಂಟನ ಹೆಸರು ಇಲ್ಲಿಯ ರಸ್ತೆಗೆ ಬಂದಿತು. 1864ರಲ್ಲಿ ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲುಮಾರ್ಗ ಗ್ರಾಂಟ್ ರೋಡ್‌ವರೆಗೆ ತಲುಪಿತು. 1896ರ ಪ್ಲೇಗಿನ ಹಾವಳಿಯ ಪರಿಣಾಮವಾಗಿ 1898ರಲ್ಲಿ ಸ್ಥಾಪಿತವಾದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್, ಗಾಳಿ ಬೆಳಕಿನ ಬಡಾವಣೆಗಳನ್ನು ರೂಪಿಸತೊಡಗಿತು. ಆದುದರಿಂದ ಇಲ್ಲಿಯ ಹಳೆಯ ಮನೆಗಳನ್ನು ನಗರದ ಬೆಳವಣಿಗೆಯ ದಾಖಲೆಗಳೆಂದೇ ಓದಬೇಕಾಗುತ್ತದೆ.

ನಿಲ್ದಾಣಕ್ಕೆ ಸಮೀಪದ ಗಾಮದೇವಿಯಲ್ಲಿರುವ ಮಣಿಭವನ ಇದಕ್ಕೆ ಪ್ರಸಿದ್ಧ ನಿದರ್ಶನ. ರೇವಾಶಂಕರ ಜಗಜೀವನ ಝವೇರಿಯವರಿಗೆ ಸೇರಿದ್ದ ಈ ಮನೆ 1917ರಿಂದ 1934ರವರೆಗೆ ಗಾಂಧೀಜಿಯವರ ಮುಂಬಯಿ ನೆಲೆಯಾಗಿತ್ತು. ರೌಲಟ್ ಕಾಯಿದೆಯ ವಿರುದ್ಧ 1919ರ ಸತ್ಯಾಗ್ರಹದ ಕಾರ್ಯ ಇಲ್ಲಿಂದ ನಡೆಯಿತು. 1932ರ ಜನವರಿ 4ರ ನಸುಕಿನಲ್ಲಿ ಅವರ ಬಂಧನವೂ ಇಲ್ಲಿಯೇ ಆಯಿತು. 1955ರಲ್ಲಿ ಗಾಂಧಿ ಸ್ಮಾರಕ ನಿಧಿ ಇದನ್ನು ಸ್ಮಾರಕವಾಗಿ ಉಳಿಸಿಕೊಂಡಿತು. ವಾಸ್ತುವಿನ ದೃಷ್ಟಿಯಿಂದ ಇದು ಸಾಧಾರಣ ಗೃಹಸ್ಥರ ಮನೆ. ಇದರ ಮೌಲ್ಯಕ್ಕೆ ಆಧಾರ ಇಲ್ಲಿ ನಡೆದ ಬದುಕು.

ಗಿರಗಾಂವದ ಖೋತಾಚಿವಾಡಿಯ ಸ್ಥಿತಿ ಭಿನ್ನವಾದುದು. ಈಸ್ಟ್ ಇಂಡಿಯನ್ ಕ್ರೈಸ್ತ ಕುಟುಂಬಗಳು ಬಾಳಿದ ಅಲ್ಲಿಯ ಮನೆಗಳಲ್ಲಿ ಮರದ ಜಗಲಿ, ಹೊರಗಿನ ಮೆಟ್ಟಿಲು, ಇಳಿಜಾರು ಮಾಡುಗಳಿವೆ. ಅಲ್ಲಿ ಮಹಾಪುರುಷರ ಹೆಸರಿನ ರಕ್ಷಣೆಯಿಲ್ಲ. ಒಂದು ಮನೆಯ ಬೆಲೆ ಪಕ್ಕದ ಮನೆಯ ಉಳಿವನ್ನು ಅವಲಂಬಿಸಿದೆ. ಒಂದು ಬಿದ್ದರೆ ಉಳಿದವುಗಳ ಅರ್ಥವೂ ಕುಂದುತ್ತದೆ.

ವಸ್ತುವಿನ ದೃಷ್ಟಿಯಿಂದಲೂ ಹಳೆಯ ಮನೆಗೆ ತನ್ನದೇ ಶಿಸ್ತು ಇದೆ. ಮರದ ಕಂಬ ತೊಲೆಗಳ ಚೌಕಟ್ಟು, ನಡುವೆ ಇಟ್ಟಿಗೆ, ಸುಣ್ಣದ ಗಾರೆ ಎಂಬುದು ಈ ಭಾಗದ ರೂಢಿಯ ಕಟ್ಟೋಣ. ಸುಣ್ಣದ ಗಾರೆ ಮಳೆಗಾಲದ ತೇವವನ್ನು ಹೀರಿ ಬಿಸಿಲಿನಲ್ಲಿ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಲುಕಿ ಇಟ್ಟಿಗೆ ಪುಡಿಯಾಗುತ್ತದೆ, ತೊಲೆಯ ತುದಿ ಕೊಳೆಯುತ್ತದೆ. ದುರಸ್ತಿಯೇ ವಿನಾಶಕ್ಕೆ ಕಾರಣವಾಗುವ ಬಗೆ ಇದು. ಕರ್ನಾಟಕದ ಕರಾವಳಿಗೂ ಈ ಮಾಡುಗಳಿಗೂ ನಂಟಿದೆ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನ ಜೆಪ್ಪಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಬೆಳೆದ ಹೆಂಚಿನ ಉದ್ಯಮಕ್ಕೆ ಮುಂಬಯಿ ದೊಡ್ಡ ಮಾರುಕಟ್ಟೆಯಾಗಿತ್ತು. ಹೆಂಚು ಬಂದ ಕಡಲದಾರಿಯಲ್ಲಿಯೇ ಹೋಟೆಲು ಕೆಲಸ, ರಾತ್ರಿಶಾಲೆಯ ಓದು ಎಂದು ಹೊರಟ ಕರಾವಳಿಯ ಮಕ್ಕಳೂ ಬಂದರು.

ಕಾನೂನಿನ ಪಾತ್ರ ದ್ವಿಮುಖವಾದುದು. 1947ರ ಬಾಡಿಗೆ ನಿಯಂತ್ರಣ ಕಾಯಿದೆ ಬಡವನಿಗೆ ಸೂರು ಉಳಿಸಿತು. ಆದರೆ ಹೆಚ್ಚದ ಬಾಡಿಗೆಯಲ್ಲಿ ದುರಸ್ತಿ ಮಾಡಿಸಲು ಮಾಲೀಕರಿಗೆ ಆಸಕ್ತಿ ಉಳಿಯಲಿಲ್ಲ. 1969ರ ಕಾಯಿದೆಯಿಂದ ಉಪಕರ ಪಡೆದು ದುರಸ್ತಿ ಮಾಡಿಸುವ ಮಂಡಳಿ ಏರ್ಪಟ್ಟಿತು. 1995ರಲ್ಲಿ ಬೃಹನ್ಮುಂಬಯಿಗೆ ಪಾರಂಪರಿಕ ಕಟ್ಟಡಗಳ ನಿಯಮಾವಳಿ ಜಾರಿಗೆ ಬಂದು, ಕಟ್ಟಡಗಳನ್ನು ಶ್ರೇಣಿಗಳಾಗಿ ವಿಂಗಡಿಸಲಾಯಿತು. ಇತ್ತ ಹಳೆಯ ಕಟ್ಟಡ ಕೆಡವಿ ಕಟ್ಟುವವರಿಗೆ ಹೆಚ್ಚುವರಿ ನಿರ್ಮಾಣಾವಕಾಶವೂ ದೊರೆಯಿತು. ಸೋರುವ ಮಾಡಿನ ಕೆಳಗೆ, ಸಾಮೂಹಿಕ ಶೌಚಾಲಯದ ಸಾಲಿನಲ್ಲಿ ದಿನ ಕಳೆದವರು ಹೊಸ ಮನೆ ಬಯಸುವುದು ತಪ್ಪಲ್ಲ. ಅವರ ಕಷ್ಟವನ್ನು ಮರೆತ ಸಂರಕ್ಷಣೆ ಕೇವಲ ನೋಡುಗರ ಸುಖವಾಗುತ್ತದೆ.

ಆದರೆ ಸಂರಕ್ಷಣೆ ಎಂದರೆ ಗೋಡೆಯನ್ನು ಉಳಿಸುವುದಷ್ಟೇ ಅಲ್ಲ. ಪಟ್ಟಿಗೆ ಸೇರದ ನೂರಾರು ಮನೆಗಳು ಬೀಳುವ ಮೊದಲು ಅವುಗಳ ನಕ್ಷೆ, ಬಾಡಿಗೆಯ ರಸೀದಿ, ಹಿರಿಯರ ಹೇಳಿಕೆಗಳನ್ನು ಸಂಗ್ರಹಿಸಬೇಕಾಗಿದೆ. ಖೋಲಿ, ಚಾಳು, ಪಗಡಿ ಎಂಬ ಪದಗಳು ಮುಂಬಯಿ ಕನ್ನಡಿಗರ ಮಾತಿಗೆ ಈ ಮನೆಗಳ ಮೂಲಕವೇ ಬಂದವು. ಒಂದೇ ಖೋಲಿಯಲ್ಲಿ ಹತ್ತು ಮಂದಿ ಸರದಿಯಂತೆ ಮಲಗಿದ ವಲಸೆಯ ಚರಿತ್ರೆ ಯಾವ ಸರಕಾರಿ ಪಟ್ಟಿಯಲ್ಲಿಯೂ ಇಲ್ಲ; ಅದು ಇರುವುದು ಮಾತಿನಲ್ಲಿ. ಮಾತನ್ನು ದಾಖಲಿಸುವುದು ಭಾಷಾ ವಿಭಾಗಗಳ ಹೊಣೆ. ಗುತ್ತಿನ ಮನೆಯನ್ನು ಕಾಯಲು ಮನೆತನವಿದೆ. ಬಾಡಿಗೆ ಮನೆಯ ನೆನಪನ್ನು ಕಾಯಬೇಕಾದುದು ವಿದ್ವತ್ತು.